ಕಂಪ್ಯೂಟರನ್ನು ನಾವೇ ಜೋಡಿಸಿಕೊಳ್ಳುವ ವಿಚಾರ

(ಎಸ್ಟೇಟ್ ಕಾರ್ಮಿಕ ಕುಟುಂಬಗಳ ಸಂಜೆ ಕೂಟದಲ್ಲಿ ಮಾಡಿದ ಭಾಷಣ)



ಬೋನಸ್ ಹಣ ಕೈಗೆ ಬಂದ ವಾರದಲ್ಲಿ ನಮ್ಮ ಪಾಡಿಗಳಲ್ಲಿ ಈಗ ಕೇಳಿಬರುವ ಮಾತು ಕಂಪ್ಯೂಟರಿನದು. ಹಿಂದೆ ರೇಡಿಯೋ, ಆಮೇಲೆ ಟೀವಿ, ಈಗ ಇದು. ಮಗಳು ಡಿಪ್ಲೊಮಾ ಓದುತ್ತಾಳೆ, ಮಗ ಲೆಕ್ಕಪತ್ರದ ಕೆಲಸ ಕಲಿಯುತ್ತಾನೆ. ಅಂಗೈಯಗಲದ ಮೊಬೈಲ್ ಪರದೆಯಲ್ಲಿ ಅದೆಲ್ಲ ಸಾಗುವುದಿಲ್ಲ. ಆದುದರಿಂದ ಇದನ್ನು ದುಂದುವೆಚ್ಚವೆಂದು ನಾವು ಹೇಳುವುದಿಲ್ಲ. ಆದರೆ ಹೊಸತೆಂದು ನಂಬಿ ಹದಿನೈದು ವರ್ಷದಷ್ಟು ಹಳೆಯ ಯಂತ್ರವನ್ನು ಬಸ್ಸಿನಲ್ಲಿ ಹೊತ್ತು ತಂದ ಮನೆಗಳು ನಮ್ಮ ಸಾಲುಗಳಲ್ಲೇ ಇವೆ. ವರ್ಷವಿಡೀ ಮಳೆಯಲ್ಲಿ ನಿಂತು ಎಲೆ ಕಿತ್ತು ಕೂಡಿಸಿದ ಹಣ ಅದು. ಎಲೆ ತೂಗುವಾಗ ಕಾಟಾದ ಮುಂದೆ ನಿಂತು ಮುಳ್ಳು ನೋಡುವ ಅಭ್ಯಾಸ ನಮಗಿದೆ. ಅದೇ ಕಣ್ಣು ಕಂಪ್ಯೂಟರ್ ಅಂಗಡಿಯಲ್ಲಿಯೂ ಬೇಕು.

ಬಿಡಿಭಾಗಗಳನ್ನು ತಂದು ಮನೆಯಲ್ಲೇ ಜೋಡಿಸಬಹುದೇ ಎಂದು ಕೆಲವರಿಗೆ ಸಂಶಯ. ಜೋಡಿಸಬಹುದು, ಒಂದು ಸ್ಟಾರ್ ಸ್ಕ್ರೂಡ್ರೈವರ್ ಸಾಕು. ಬೇರೆ ಬೇರೆ ಕಂಪೆನಿಗಳ ಭಾಗಗಳು ಒಂದಕ್ಕೊಂದು ಹೊಂದುವುದಕ್ಕೆ ಕಾರಣವಿದೆ. 1981ರಲ್ಲಿ ಐಬಿಎಂ ಕಂಪೆನಿ ತನ್ನ ಪರ್ಸನಲ್ ಕಂಪ್ಯೂಟರನ್ನು ಹೊರತಂದಾಗ ಪೇಟೆಯಲ್ಲಿ ಸಿಗುವ ಭಾಗಗಳನ್ನೇ ಹೆಚ್ಚಾಗಿ ಬಳಸಿತು. ಅದನ್ನು ಅನುಸರಿಸಿ ಇತರರೂ ಅಂಥದೇ ಯಂತ್ರ ಮಾಡಿದರು. 1995ರಲ್ಲಿ ಇಂಟೆಲ್ ಕಂಪೆನಿ ಎಟಿಎಕ್ಸ್ ಎಂಬ ಅಳತೆಯನ್ನು ಗೊತ್ತುಮಾಡಿತು. ಬೋರ್ಡಿನ ಸ್ಕ್ರೂ ತೂತುಗಳ ಜಾಗ ಇಂದಿಗೂ ಅದರಂತೆಯೇ. ಆದರೂ ಎಲ್ಲವೂ ಎಲ್ಲದಕ್ಕೂ ಹೊಂದುವುದಿಲ್ಲ. ಕವಾತು ಕತ್ತಿಗೆ ಗುದ್ದಲಿಯ ಹಿಡಿ ಕೂರುತ್ತದೆಯೇ?

ಮೊದಲು ಪ್ರೊಸೆಸರ್ ಎಂಬ ಭಾಗವನ್ನು ನೋಡೋಣ. ಲೆಕ್ಕ ಮಾಡುವ ಮಿದುಳು ಇದೇ. ಅಂಗಡಿಯವನು “ಐ ಸೆವೆನ್ ಕೊಡುತ್ತೇನೆ” ಎಂದ ಕೂಡಲೇ ನಮ್ಮ ಮನಸ್ಸು ಸೋಲುತ್ತದೆ. ಮೂರಕ್ಕಿಂತ ಏಳು ದೊಡ್ಡದಲ್ಲವೇ? ಮೋಸವಿರುವುದು ಇಲ್ಲೇ. ಇಂಟೆಲಿನ ಐ7-2600 ಎಂಬುದು 2011ರಲ್ಲಿ ಬಂದದ್ದು. ಐ3-12100 ಎಂಬುದು 2022ರದು. ಎರಡರಲ್ಲಿಯೂ ನಾಲ್ಕು ಕೋರ್, ಎಂಟು ಥ್ರೆಡ್. ಆದರೂ ಆ ಹಳೆಯ ಏಳಕ್ಕಿಂತ ಈ ಮೂರು ಬಹಳ ವೇಗವಾದದ್ದು. ಗೀಟಿನ ನಂತರದ ಅಂಕಿಗಳನ್ನು ಓದಬೇಕು. ಅಲ್ಲಿ ನಾಲ್ಕೇ ಅಂಕಿಗಳಿದ್ದು ಮೊದಲನೆಯದು 2 ಆದರೆ ಅದು ಎರಡನೆಯ ತಲೆಮಾರು. ಐದು ಅಂಕಿಗಳಿದ್ದು 12 ಎಂದು ಆರಂಭವಾದರೆ ಹನ್ನೆರಡನೆಯ ತಲೆಮಾರು. ಹಳೆಯ ಪ್ರೊಸೆಸರಿಗೆ ಹೊಸ ಬಣ್ಣದ ಡಬ್ಬಿ, ಒಳಗೆ ಬಣ್ಣಬಣ್ಣದ ದೀಪ ಹಾಕಿ ಮಾರುವವರು ಈ ಅಂಕಿಗಳನ್ನು ಹೇಳುವುದಿಲ್ಲ. ನಾವೇ ಕೇಳಬೇಕು, ಬಿಲ್ಲಿನಲ್ಲಿ ಪೂರ್ತಿ ಬರೆಸಬೇಕು. ಒಂದು ಪಟ್ಟಣದ ಅಂಗಡಿಯಲ್ಲಿ ನಾವು ಹೀಗೆ ಬರೆಸಲು ಹೇಳಿದಾಗ, “ಅದೆಲ್ಲ ನಿಮಗೇಕೆ?” ಎಂಬ ಉತ್ತರ ಬಂತು. ನಾವು ಎದ್ದು ಬಂದೆವು.

ಹಳೆಯದಾದರೆ ನಷ್ಟವೇನು ಎಂದು ಕೇಳಬಹುದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕಂಪೆನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಬೇಕಾದರೆ ಇಂಟೆಲಿನಲ್ಲಿ ಹೆಚ್ಚುಕಡಿಮೆ ಎಂಟನೆಯ ತಲೆಮಾರಿನಿಂದ ಮುಂದಿನದು ಇರಬೇಕು, ಟಿಪಿಎಂ 2.0 ಎಂಬ ರಕ್ಷಣಾ ವ್ಯವಸ್ಥೆಯೂ ಇರಬೇಕು. ಹಳೆಯ ಯಂತ್ರವನ್ನು ಈಗಾಗಲೇ ಕೊಂಡವರು ಎದೆಗುಂದಬೇಕಾಗಿಲ್ಲ. ಲಿನಕ್ಸ್ ಮಿಂಟ್, ಉಬುಂಟು ಮುಂತಾದವು ಉಚಿತ, ಕಾನೂನುಬದ್ಧ. ಅವುಗಳಲ್ಲಿ ಕನ್ನಡ ಬರೆಯಲೂ ಆಗುತ್ತದೆ.

ಪ್ರೊಸೆಸರಿನ ಹೆಸರಿನ ಕೊನೆಯ ಅಕ್ಷರವನ್ನೂ ಬಿಡಬೇಡಿ. ಇಂಟೆಲಿನಲ್ಲಿ ಕೊನೆಗೆ ಎಫ್ ಇದ್ದರೆ ಅದರೊಳಗೆ ಚಿತ್ರ ತೋರಿಸುವ ಗ್ರಾಫಿಕ್ಸ್ ಭಾಗ ಇಲ್ಲ. 12100ಎಫ್ ಸ್ವಲ್ಪ ಅಗ್ಗ. ಮನೆಗೆ ತಂದು ಜೋಡಿಸಿದರೆ ಪರದೆ ಕಪ್ಪು. ಆಮೇಲೆ ಬೇರೆ ಗ್ರಾಫಿಕ್ಸ್ ಕಾರ್ಡ್ ಕೊಳ್ಳಬೇಕಾಗುತ್ತದೆ. ಎಎಂಡಿ ಕಂಪೆನಿಯ ರೈಜನ್‌ನಲ್ಲಿ 5600 ಎಂಬುದರಲ್ಲಿ ಗ್ರಾಫಿಕ್ಸ್ ಇಲ್ಲ, 5600ಜಿ ಎಂಬುದರಲ್ಲಿ ಇದೆ. ಓದು, ಬರಹ, ಲೆಕ್ಕ, ಪಾಠದ ವಿಡಿಯೋ ಇಷ್ಟಕ್ಕೆ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಬೇಡವೇ ಬೇಡ. ಆಟ ಆಡುವ ಹುಡುಗರು ಮನೆಯಲ್ಲಿ ಬೇರೆ ಮಾತು ಹೇಳಿಯಾರು. ಹಣ ಕೊಡುವವರು ತೀರ್ಮಾನಿಸಲಿ.

ಇನ್ನು ಮದರ್‌ಬೋರ್ಡ್. ಹೆಸರಿನಲ್ಲೇ ತಾಯಿ ಇದ್ದಾಳೆ. ಎಲ್ಲ ಭಾಗಗಳೂ ಅವಳ ಮಡಿಲಲ್ಲೇ ಕೂರುವುದು. ಪ್ರೊಸೆಸರ್ ಕೂರುವ ಜಾಗಕ್ಕೆ ಸಾಕೆಟ್ ಎನ್ನುತ್ತಾರೆ. ಇಂಟೆಲಿನ 12, 13, 14ನೆಯ ತಲೆಮಾರಿಗೆ ಎಲ್‌ಜಿಎ 1700 ಎಂಬ ಸಾಕೆಟ್. 10, 11ಕ್ಕೆ ಎಲ್‌ಜಿಎ 1200. ಎಎಂಡಿಯಲ್ಲಿ 2016ರಿಂದ ಬಂದದ್ದು ಎಎಂ4, 2022ರಲ್ಲಿ ಬಂದದ್ದು ಎಎಂ5. ಒಂದರದು ಇನ್ನೊಂದರಲ್ಲಿ ಕೂರುವುದಿಲ್ಲ. ಸಾಕೆಟ್ ಸರಿಯಾಗಿದ್ದರೂ ಇನ್ನೊಂದು ತೊಡಕುಂಟು: ಅಂಗಡಿಯಲ್ಲಿ ಬಹಳ ಕಾಲ ಇದ್ದ ಬೋರ್ಡಿಗೆ ನಂತರ ಬಂದ ಪ್ರೊಸೆಸರಿನ ಗುರುತು ಸಿಗದು. ಬೋರ್ಡಿನೊಳಗಿನ ಬಯಾಸ್ ಎಂಬ ಪ್ರೋಗ್ರಾಮನ್ನು ಹೊಸದು ಮಾಡಬೇಕು. ಕೊಳ್ಳುವಾಗಲೇ ಅಂಗಡಿಯಲ್ಲಿ ಮಾಡಿಸಿಕೊಳ್ಳುವುದು ಉತ್ತಮ.

ರ್ಯಾಮ್ ಕಡ್ಡಿಗಳಲ್ಲಿ ಡಿಡಿಆರ್4, ಡಿಡಿಆರ್5 ಎಂದು ಎರಡು ಬಗೆ ಈಗ ಹೆಚ್ಚಾಗಿ ಸಿಗುತ್ತವೆ. ಉದ್ದ ಒಂದೇ, ಆದರೆ ಅಡಿಯ ಕಚ್ಚಿನ ಜಾಗ ಬೇರೆ. ಒತ್ತಿ ಕೂರಿಸಲು ಹೋದರೆ ಮುರಿಯುತ್ತದೆ. ಎಲ್‌ಜಿಎ 1700 ಬೋರ್ಡುಗಳಲ್ಲಿ ಕೆಲವು ಡಿಡಿಆರ್4ಕ್ಕೆ, ಕೆಲವು ಡಿಡಿಆರ್5ಕ್ಕೆ; ಡಬ್ಬಿಯ ಮೇಲೆ ಬರೆದಿರುತ್ತದೆ. 8 ಜಿಬಿಯ ಎರಡು ಕಡ್ಡಿ ಹಾಕಿದರೆ ಚೆನ್ನ, ಎರಡು ದಾರಿಯಲ್ಲಿ ಕೆಲಸ ಸಾಗುತ್ತದೆ. ಆದರೆ 2025ರ ಕೊನೆಯ ತಿಂಗಳುಗಳಲ್ಲಿ ರ್ಯಾಮ್ ಬೆಲೆ ವಿಪರೀತ ಏರಿತು. ಕೃತಕ ಬುದ್ಧಿಯ ದೊಡ್ಡ ದೊಡ್ಡ ಕಂಪ್ಯೂಟರ್ ಕೇಂದ್ರಗಳಿಗೆ ಮೆಮೊರಿ ಚಿಪ್ಪುಗಳು ಸಾಗಿದ್ದೇ ಇದಕ್ಕೆ ದೊಡ್ಡ ಕಾರಣ. ಕೈ ಬಿಗಿಯಾಗಿದ್ದರೆ ಸದ್ಯಕ್ಕೆ 8 ಜಿಬಿಯ ಒಂದೇ ಕಡ್ಡಿ ಹಾಕಿ, ಇನ್ನೊಂದು ಜಾಗವನ್ನು ಖಾಲಿ ಬಿಡಿ. ಮುಂದಿನ ಬೋನಸ್‌ಗೆ ಸೇರಿಸಬಹುದು.

ಪಾಠ, ಕಡತಗಳು ಉಳಿಯುವ ಜಾಗಕ್ಕೆ ಎಸ್‌ಎಸ್‌ಡಿ ತೆಗೆದುಕೊಳ್ಳಿ. ಹಳೆಯ ತಿರುಗುವ ಹಾರ್ಡ್‌ಡಿಸ್ಕ್ ಸೆಕೆಂಡಿಗೆ 100ರಿಂದ 200 ಎಂಬಿ ಓದಿದರೆ, ಸಾಟಾ ಎಸ್‌ಎಸ್‌ಡಿ ಸುಮಾರು 550, ಎನ್‌ವಿಎಂಇ ಅದಕ್ಕೂ ಹಲವು ಪಟ್ಟು ಹೆಚ್ಚು. ಹಳೆಯ ಯಂತ್ರಕ್ಕೆ ಜೀವ ಕೊಡುವ ಅಗ್ಗದ ಉಪಾಯವೂ ಇದೇ.

ಈಗ ನಾವು ಸ್ವಲ್ಪ ನಿಂತು ಹೇಳಬೇಕಾದ ಭಾಗ ಎಸ್‌ಎಂಪಿಎಸ್, ಅಂದರೆ ಕರೆಂಟ್ ಹಂಚುವ ಪೆಟ್ಟಿಗೆ. ಎಲ್ಲರೂ ಉಳಿತಾಯ ಮಾಡಲು ನೋಡುವುದು ಇದರಲ್ಲೇ; ಉಳಿಸಬಾರದ ಜಾಗವೂ ಇದೇ. ಅಗ್ಗದ ಕ್ಯಾಬಿನೆಟ್ಟಿನ ಜೊತೆ ಬಿಟ್ಟಿ ಬರುವ ಪೆಟ್ಟಿಗೆಯ ಮೇಲೆ 450 ವಾಟ್ ಎಂದು ಅಚ್ಚು ಹಾಕಿರುತ್ತಾರೆ. ಕೈಯಲ್ಲಿ ಹಿಡಿದರೆ ಹತ್ತಿಯಂತೆ ಹಗುರ. ಅಂಥದು ಸುಟ್ಟಾಗ ತಾನೊಂದೇ ಸುಡದೆ ಬೋರ್ಡನ್ನೂ ಕೊಂಡುಹೋಗಬಹುದು. 80 ಪ್ಲಸ್ ಎಂಬ ಗುರುತಿರುವ, ಹೆಸರುಳ್ಳ ಕಂಪೆನಿಯ 450 ವಾಟಿನದು ಸಾಕು. ಗ್ರಾಫಿಕ್ಸ್ ಕಾರ್ಡ್ ಇಲ್ಲದ ನಮ್ಮ ಯಂತ್ರ 150 ವಾಟಿಗಿಂತ ಹೆಚ್ಚು ಎಳೆಯುವುದು ಅಪರೂಪ. ಈ ಪೆಟ್ಟಿಗೆಯನ್ನು ಮಾತ್ರ ಯಾರೂ ಬಿಚ್ಚಬಾರದು. ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರುಗಳಲ್ಲಿ ಕರೆಂಟ್ ಉಳಿದಿರುತ್ತದೆ.

ಇದಕ್ಕೆ ಹೊಂದಿಕೊಂಡ ಮಾತು ಅರ್ತಿಂಗಿನದು. ಅನೇಕ ಹಳೆಯ ಲೈನ್ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇದೆ. ಮೇಲಿನ ದೊಡ್ಡ ತೂತಿನ ಹಿಂದೆ ತಂತಿಯೇ ಇಲ್ಲ. ಕಂಪ್ಯೂಟರಿನ ಕಬ್ಬಿಣದ ಮೈ ಮುಟ್ಟಿದರೆ ಜುಮ್ಮೆನ್ನುತ್ತದೆ ಎಂದು ದೂರುವವರಿಗೆ ಕಾರಣ ಸಾಮಾನ್ಯವಾಗಿ ಇದೇ. ಎಸ್‌ಎಂಪಿಎಸ್ ಒಳಗಿನ ಫಿಲ್ಟರಿನಿಂದ ಅತಿ ಸಣ್ಣ ಕರೆಂಟ್ ಮೈಗೆ ಹರಿಯುತ್ತದೆ. ಅರ್ತ್ ಇದ್ದರೆ ಅದು ನೆಲಕ್ಕೆ ಹೋಗುತ್ತದೆ, ಇಲ್ಲದಿದ್ದರೆ ಮುಟ್ಟಿದವರ ಮೂಲಕ. ಪೆಟ್ಟಿಗೆಯೊಳಗೆ ಬೇರೆ ದೋಷವಾದರೆ ಜುಮ್ಮೆನ್ನುವುದರಲ್ಲಿಗೇ ನಿಲ್ಲದು, ಪ್ರಾಣಕ್ಕೇ ಅಪಾಯ. ಕಂಪ್ಯೂಟರ್ ತರುವ ಮೊದಲು ಎಲೆಕ್ಟ್ರಿಷಿಯನ್‌ನಿಂದ ಸಾಕೆಟ್ ಪರೀಕ್ಷೆ ಮಾಡಿಸಿ. ಎಸ್ಟೇಟ್ ಮನೆಗಳನ್ನು ಕೊಟ್ಟು ಸುಸ್ಥಿತಿಯಲ್ಲಿಡುವ ಹೊಣೆಯನ್ನು 1951ರ ಪ್ಲಾಂಟೇಶನ್ ಕಾರ್ಮಿಕ ಕಾಯ್ದೆಯೇ ಮಾಲೀಕರ ಮೇಲೆ ಹೊರಿಸಿತ್ತು. ಇದು ಹೊಸ ಬೇಡಿಕೆಯೇನಲ್ಲ. ವಯರಿಂಗ್ ಸರಿಪಡಿಸಲು ಆಡಳಿತಕ್ಕೆ ಅರ್ಜಿ ಕೊಡಿ, ಬರೆಯಲು ನಾವು ಕೂತುಕೊಳ್ಳುತ್ತೇವೆ. ಹತ್ತು ಮನೆಯವರು ಸೇರಿ ಕೊಟ್ಟರೆ ಇನ್ನೂ ಒಳ್ಳೆಯದು. ಗುಡುಗು ಮಿಂಚು ಆರಂಭವಾದರೆ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕಿತ್ತಿಡಬೇಕು. 600 ವಿಎ ಯುಪಿಎಸ್ ಎಂದರೆ ಸಾಮಾನ್ಯವಾಗಿ 360 ವಾಟ್. ಕರೆಂಟ್ ಹೋದಾಗ ಕೆಲಸ ಉಳಿಸಿ ಯಂತ್ರ ಆರಿಸಲು ಅದು ಸಾಕು, ಸಿನಿಮಾ ಮುಗಿಸಲು ಅಲ್ಲ.

ಜೋಡಿಸುವಾಗ ಅವಸರ ಬೇಡ. ಕ್ಯಾಬಿನೆಟ್ಟಿನೊಳಗೆ ಹಾಕುವ ಮೊದಲು ಬೋರ್ಡನ್ನು ಅದರ ರಟ್ಟಿನ ಡಬ್ಬಿಯ ಮೇಲಿಟ್ಟು ಪ್ರೊಸೆಸರ್, ಅದರ ಫ್ಯಾನ್, ಒಂದು ರ್ಯಾಮ್, ಎಸ್‌ಎಂಪಿಎಸ್, ಪರದೆ ಇಷ್ಟೇ ಸೇರಿಸಿ ನೋಡಿ. ಪವರ್ ಸ್ವಿಚ್ಚಿನ ಎರಡು ಪಿನ್ನುಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಕ್ಷಣಮಾತ್ರ ಮುಟ್ಟಿಸಿದರೆ ಯಂತ್ರ ಏಳುತ್ತದೆ. ಯಾವ ಪಿನ್ ಎಂಬುದು ಬೋರ್ಡಿನ ಪುಸ್ತಕದಲ್ಲಿದೆ; ಆ ಪುಸ್ತಕವನ್ನು ಒಲೆಗೆ ಹಾಕಬೇಡಿ. ಕೆಲಸಕ್ಕೆ ಮೊದಲು ಬರಿಯ ಲೋಹ ಮುಟ್ಟಿ ಮೈಯ ಸ್ಥಾಯೀ ವಿದ್ಯುತ್ತನ್ನು ಕಳೆದುಕೊಳ್ಳಿ. ಪ್ರೊಸೆಸರಿನ ಮೂಲೆಯ ತ್ರಿಕೋನ ಗುರುತು ಸಾಕೆಟ್ಟಿನ ಗುರುತಿಗೆ ಸರಿಹೊಂದಿದರೆ ಅದು ತಾನಾಗಿ ಕೂರುತ್ತದೆ, ಒತ್ತುವ ಅಗತ್ಯವಿಲ್ಲ. ಫ್ಯಾನಿನ ತಳದಲ್ಲಿ ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದರೆ ಕಿತ್ತು ಹಾಕಿ. ಕ್ಯಾಬಿನೆಟ್ಟಿನಲ್ಲಿ ಬೋರ್ಡಿನ ಕೆಳಗೆ ಹಿತ್ತಾಳೆಯ ಸಣ್ಣ ಕಂಬಗಳಿರುತ್ತವೆ. ಬೋರ್ಡಿನಲ್ಲಿ ತೂತಿಲ್ಲದ ಜಾಗದ ಕಂಬವನ್ನು ತೆಗೆಯಲೇಬೇಕು, ಇಲ್ಲವಾದರೆ ಅದು ಬೋರ್ಡಿನ ಹಿಂಭಾಗ ಮುಟ್ಟಿ ಶಾರ್ಟ್ ಆಗುತ್ತದೆ.

ಯಂತ್ರ ಏಳಲಿಲ್ಲವೆಂದುಕೊಳ್ಳಿ. ಟೀ ಫ್ಯಾಕ್ಟರಿಯಲ್ಲಿ ರೋಲರ್ ನಿಂತಾಗ ಫಿಟ್ಟರ್ ಎಲ್ಲವನ್ನೂ ಒಟ್ಟಿಗೆ ಬಿಚ್ಚುವುದಿಲ್ಲ. ಒಂದನ್ನು ನೋಡಿ, ಸರಿಯಿದ್ದರೆ ಮುಂದಿನದಕ್ಕೆ ಹೋಗುತ್ತಾನೆ. ಇಲ್ಲಿಯೂ ಒಂದು ಸಲಕ್ಕೆ ಒಂದೇ ಬದಲಾವಣೆ. ಪ್ರತಿ ಸಲವೂ ಪ್ಲಗ್ ತೆಗೆದೇ ಕೈ ಹಾಕಬೇಕು.

ಸದ್ದೇ ಇಲ್ಲ, ದೀಪವೂ ಇಲ್ಲ ಎಂದಾದರೆ ಎಸ್‌ಎಂಪಿಎಸ್ ಹಿಂದಿನ ಸಣ್ಣ ಸ್ವಿಚ್, ಗೋಡೆಯ ಸಾಕೆಟ್, ಬೋರ್ಡಿನ 24 ಪಿನ್ನಿನ ಅಗಲ ತಂತಿ ನೋಡಿ. ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪು, ಇದೇ ಹೆಚ್ಚಾಗಿ ಕಾಣುವ ತೊಂದರೆ. ಪ್ರೊಸೆಸರ್ ಹತ್ತಿರದ 4 ಅಥವಾ 8 ಪಿನ್ನಿನ ತಂತಿಯನ್ನು ಬಹಳ ಜನ ಮರೆಯುತ್ತಾರೆ, ಮೊದಲು ಅದು. ಬಳಿಕ ರ್ಯಾಮ್ ಕಡ್ಡಿಯನ್ನು ತೆಗೆದು, ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಟಕ್ ಎನ್ನುವ ತನಕ ಒತ್ತಿ ಕೂರಿಸಿ. ಜೂನ್‌ನಿಂದ ಆಗಸ್ಟಿನ ತನಕ ನಮ್ಮ ಬೆಟ್ಟಗಳ ತೇವಕ್ಕೆ ಈ ಅಂಚು ಮಂಕಾಗುತ್ತದೆ; ಮಳೆಗಾಲದಲ್ಲಿ ಸತ್ತೇಹೋಯಿತೆಂದುಕೊಂಡ ಎಷ್ಟೋ ಯಂತ್ರಗಳು ಒಂದು ರಬ್ಬರಿನಿಂದ ಎದ್ದಿವೆ. ಬೋರ್ಡಿನಲ್ಲಿ ನಾಲ್ಕು ರ್ಯಾಮ್ ಜಾಗಗಳಿದ್ದರೆ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎರಡನೆಯದು, ನಾಲ್ಕನೆಯದು ಮೊದಲು ತುಂಬಬೇಕು. ಡಿಡಿಆರ್5 ಆದರೆ ಮೊದಲ ಸಲ ಹಲವು ನಿಮಿಷ ಪರದೆ ಕಪ್ಪಾಗಿಯೇ ಇರಬಹುದು. ಅದು ರ್ಯಾಮನ್ನು ಪಳಗಿಸಿಕೊಳ್ಳುತ್ತಿರುತ್ತದೆ, ನಡುವೆ ಆರಿಸಬೇಡಿ. ಈಗಿನ ಅನೇಕ ಬೋರ್ಡುಗಳಲ್ಲಿ ಸಿಪಿಯು, ಡಿರ್ಯಾಮ್, ವಿಜಿಎ, ಬೂಟ್ ಎಂದು ನಾಲ್ಕು ಪುಟ್ಟ ದೀಪಗಳುಂಟು. ಯಾವುದು ಉರಿದು ನಿಲ್ಲುತ್ತದೋ ದೋಷ ಆ ಕಡೆ.

ಎದ್ದು ಸ್ವಲ್ಪ ಹೊತ್ತಿನಲ್ಲೇ ಆರಿದರೆ ಪ್ರೊಸೆಸರ್ ಫ್ಯಾನ್ ಒಂದು ಕಡೆ ಎದ್ದಿರಬಹುದು. ಇಂಟೆಲಿನ ನಾಲ್ಕು ಪ್ಲಾಸ್ಟಿಕ್ ಕಾಲುಗಳನ್ನು ಎದುರುಬದುರಾಗಿ ಒತ್ತಬೇಕು. ಕೆಲಸದ ನಡುವೆ ಮತ್ತೆ ಮತ್ತೆ ತಾನೇ ಮರು ಆರಂಭವಾದರೆ ರ್ಯಾಮ್ ಇಲ್ಲವೇ ಎಸ್‌ಎಂಪಿಎಸ್ ಮೇಲೆ ಸಂಶಯಪಡಬೇಕು. ಮೆಮ್‌ಟೆಸ್ಟ್86 ಎಂಬ ಪ್ರೋಗ್ರಾಮ್ ರಾತ್ರಿ ಓಡಲು ಬಿಟ್ಟರೆ ರ್ಯಾಮಿನ ಸತ್ಯ ಬಹುಮಟ್ಟಿಗೆ ತಿಳಿಯುತ್ತದೆ. ಪ್ರತಿ ದಿನ ಬೆಳಿಗ್ಗೆ ತಾರೀಕು ತಪ್ಪಾಗಿ, ಇಂಟರ್ನೆಟ್ಟಿನ ಪುಟಗಳು ಸುರಕ್ಷಿತವಲ್ಲ ಎಂದು ಹೇಳಿ ತೆರೆಯದೆ ಹೋದರೆ ಗಾಬರಿ ಬೇಡ: ಬೋರ್ಡಿನ ಮೇಲಿನ ಬಿಲ್ಲೆಯಂಥ ಸಿಆರ್2032 ಬ್ಯಾಟರಿ ಮುಗಿದಿದೆ. ವಾಚು ರಿಪೇರಿಯವನಲ್ಲಿ ಸಿಗುತ್ತದೆ. ಇದೇ ದೋಷಕ್ಕೆ ಬೋರ್ಡೇ ಹೋಗಿದೆ ಎಂದು ಹೇಳಿ ಹಣ ಕಿತ್ತವರೂ ಇದ್ದಾರೆ.

ಇಷ್ಟರಲ್ಲಿ ಸರಿಹೋಗದಿದ್ದರೆ ಭಾಗ ಕೆಟ್ಟಿದೆ ಎಂದು ತಿಳಿದು ವಾರಂಟಿಗೆ ಒಯ್ಯಿರಿ. ಪ್ರತಿಯೊಂದು ಭಾಗಕ್ಕೂ ಬೇರೆ ಬೇರೆ ವಾರಂಟಿ. ಡಬ್ಬಿಯಲ್ಲಿ ಬರುವ ಪ್ರೊಸೆಸರಿಗೆ ಸಾಮಾನ್ಯವಾಗಿ ಮೂರು ವರ್ಷ. ಅಂಗಡಿಯ ಯಂತ್ರದಿಂದ ಹೊರಬರುವ ಬಿಲ್ಲಿನ ಅಕ್ಷರ ವರ್ಷದೊಳಗೆ ಮಾಸಿಹೋಗುತ್ತದೆ, ಆದುದರಿಂದ ತಂದ ದಿನವೇ ಬಿಲ್ಲಿನದೂ ಪ್ರತಿ ಭಾಗದ ಸೀರಿಯಲ್ ನಂಬರಿನದೂ ಫೋಟೋ ತೆಗೆದಿಡಿ. ಈಗ ಯಾರಿಗಾದರೂ ಪ್ರಶ್ನೆಗಳಿದ್ದರೆ ಕೇಳಬಹುದು. ಹಿಂದೆ ಕುಳಿತಿರುವ ಅಮ್ಮಂದಿರು ಮೊದಲು ಕೇಳಲಿ.