ತಪ್ಪು ಉತ್ತರದ ಹಿಂದೆ ಏನಿದೆ?



ನಾನು ಐಟಿ ಕೆಲಸದವಳು, ಶಿಕ್ಷಕಿಯಲ್ಲ. ಇವತ್ತು ಮಾತನಾಡುತ್ತಿರುವುದು ತಾಯಿಯಾಗಿ. ಕಳೆದ ವರ್ಷ ನಾಲ್ಕನೇ ಕ್ಲಾಸಿನಲ್ಲಿದ್ದ ನನ್ನ ಮಗಳು 1/4ಕ್ಕಿಂತ 1/8 ದೊಡ್ಡದು ಎಂದು ಬರೆದಿದ್ದಳು. ಆಫೀಸಿನಿಂದ ದಣಿದು ಬಂದಿದ್ದ ನಾನು, "ಗಮನ ಎಲ್ಲಿತ್ತು?" ಎಂದು ಗದರಿಸಿ ಸರಿ ಉತ್ತರ ಬರೆಸಿದೆ. ಮರುವಾರ ಮತ್ತೆ ಅದೇ ತಪ್ಪು. ಆಗ ಯಾಕೆ ಎಂದು ಕೇಳಿದೆ. "ನಾಲ್ಕಕ್ಕಿಂತ ಎಂಟು ದೊಡ್ಡದಲ್ವಾ ಅಮ್ಮ?" ಎಂದಳು.

ಅವಳು ಯೋಚಿಸಿಯೇ ಬರೆದಿದ್ದಳು. ಆಫೀಸಿನಲ್ಲಿ ಪ್ರೋಗ್ರಾಂ ತಪ್ಪು ಉತ್ತರ ಕೊಟ್ಟರೆ ನಾವು ಕಂಪ್ಯೂಟರನ್ನು ಬೈಯುವುದಿಲ್ಲ, ಯಾವ ಸಾಲಿನಲ್ಲಿ ತಪ್ಪಿದೆ ಎಂದು ಹುಡುಕುತ್ತೇವೆ. ಮಗಳ ವಿಷಯದಲ್ಲಿ ನನಗೆ ಅಷ್ಟು ತಾಳ್ಮೆ ಇರಲಿಲ್ಲ.

ಇಂಥ ತಪ್ಪುಗಳನ್ನೇ ಅಧ್ಯಯನ ಮಾಡುವವರು ನಮ್ಮ ಹತ್ತಿರದಲ್ಲೇ ಇದ್ದಾರೆ. ಸಯನ್‌ನಿಂದ ಟ್ರಾಂಬೆಗೆ ಹೋಗುವ ದಾರಿಯಲ್ಲಿ, ಮಾನ್‌ಖುರ್ದ್‌ನಲ್ಲಿ, ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರವಿದೆ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಅಂಗವಾಗಿ 1974ರಲ್ಲಿ ಶುರುವಾದದ್ದು. ಒಲಿಂಪಿಯಾಡ್‌ನಿಂದಾಗಿ ಅದರ ಹೆಸರು ಹಲವರಿಗೆ ಗೊತ್ತು. ಆದರೆ ಸಾಮಾನ್ಯ ಮಕ್ಕಳು ವಿಜ್ಞಾನ, ಗಣಿತವನ್ನು ಹೇಗೆ ಗ್ರಹಿಸುತ್ತಾರೆ ಎಂಬ ಸಂಶೋಧನೆಯೂ ಅಲ್ಲಿ ನಡೆಯುತ್ತದೆ.

ಭಿನ್ನರಾಶಿಯನ್ನು ಬರೀ ನಿಯಮವಾಗಿ ಕಲಿಸದೆ, ಸಮನಾಗಿ ಹಂಚುವುದು, ಅಳೆಯುವುದು ಎಂಬ ಅನುಭವದಿಂದ ಕಲಿಸುವ ಬಗ್ಗೆ ಅಲ್ಲಿನವರು ಕೆಲಸ ಮಾಡಿದ್ದಾರೆ. ಕೇಂದ್ರವನ್ನು ಬೆಳೆಸಿದ ಪ್ರೊ. ವಿ. ಜಿ. ಕುಲಕರ್ಣಿ ಮತ್ತು ಸಂಗಡಿಗರು ಭಾಷೆಯ ತೊಡಕನ್ನೂ ಅಧ್ಯಯನ ಮಾಡಿದರು. ಮರಾಠಿ ವಿಜ್ಞಾನ ಪಾಠಗಳನ್ನು ಸರಳ ಮಾತಿನಲ್ಲಿ ಬರೆದಾಗ ಮಕ್ಕಳಿಗೆ ಹೆಚ್ಚು ಅರ್ಥವಾಯಿತು. ಅಂದರೆ, ಮಗುವಿಗೆ ಎಷ್ಟೋ ಸಲ ಕಷ್ಟವಾಗುವುದು ವಿಜ್ಞಾನವಲ್ಲ, ಅದನ್ನು ಹೇಳುವ ಭಾಷೆ.

ಮರಾಠಿ ಮಕ್ಕಳಿಗೇ ಹೀಗಾದರೆ, ಮನೆಯಲ್ಲಿ ಕನ್ನಡ, ಕೆಳಗೆ ಆಟಕ್ಕೆ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್ ಎನ್ನುವ ನಮ್ಮ ಮಕ್ಕಳ ಗತಿ ಏನು?

ನಾನು ಮಗಳನ್ನು ಕನ್ನಡದಲ್ಲೇ ಕೇಳಿದೆ: "ಒಂದೇ ಹೋಳಿಗೆ ಇದೆ. ನಾಲ್ಕು ಜನ ಹಂಚಿಕೊಂಡರೆ ನಿನಗೆ ಹೆಚ್ಚು ಸಿಗುತ್ತೋ, ಎಂಟು ಜನ ಹಂಚಿಕೊಂಡರೋ?" ನಕ್ಕುಬಿಟ್ಟಳು. ಪುಸ್ತಕ ತಂದು ತಾನೇ ತಿದ್ದಿಕೊಂಡಳು.

ಇದಕ್ಕೆ ಎಂ.ಟೆಕ್. ಬೇಕಿಲ್ಲ. ನಮ್ಮ ಅಜ್ಜಿಯರೂ ಮಾಡಬಹುದು. ನನ್ನ ವಿನಂತಿ ಒಂದೇ: ಮಗುವಿನ ಉತ್ತರ ತಿದ್ದುವ ಮೊದಲು "ಹೇಗೆ ಯೋಚಿಸಿದೆ?" ಎಂದು ಕನ್ನಡದಲ್ಲಿ ಕೇಳಿ. ಉತ್ತರ ಬರುವವರೆಗೆ ಸುಮ್ಮನಿರಿ.

ಮಗಳ ಅಂಕ ಎಷ್ಟಾಯಿತು ಎಂದು ಕೇಳಬೇಡಿ. ಮೊದಲು ಕೆಂಪು ಗುರುತಿನ ಪುಟವನ್ನು ಬಚ್ಚಿಡುತ್ತಿದ್ದಳು. ಈಗ ತಾನೇ ತಂದು ತೋರಿಸುತ್ತಾಳೆ. ನನಗೆ ಅಷ್ಟು ಸಾಕು.