ಯಾವದರ ಒಂದು ಅನ್ನಬ್ಯಾಡ್ರಿ

ಹುಬ್ಬಳ್ಳಿಯ ಗಬ್ಬೂರ ಕ್ರಾಸಿನಲ್ಲಿ ಚಹಾದಂಗಡಿ ಮುಂದೆ ನಿಂತ ಹುಡುಗನನ್ನು "ಮುಂದ ಏನ್ ಮಾಡಬೇಕಂತ ಮಾಡೀಯೋ ತಮ್ಮಾ?" ಎಂದು ಕೇಳಿ ನೋಡಿ. "ಯಾವದರ ಒಂದ್ ನೌಕರಿ ಹತ್ತಿದ್ರ ಸಾಕ್ರೀ" ಅನ್ನುತ್ತಾನೆ. ಡಿಗ್ರಿ ಮುಗಿಸಿದ ತಂಗಿಯನ್ನು ಕೇಳಿದರೆ "ನೋಡಬೇಕ್ರಿ, ಮನ್ಯಾಗ ಏನಂತಾರೋ" ಎಂಬ ಉತ್ತರ. ಇವರಲ್ಲಿ ಯಾರೂ ಮೈಗಳ್ಳರಲ್ಲ. ನಸುಕಿನಲ್ಲೆದ್ದು ಮನೆಮನೆಗೆ ಹಾಲು ಹಾಕುವವರಿದ್ದಾರೆ, ಬೈಪಾಸ್ ಬದಿಯ ಗ್ಯಾರೇಜಿನಲ್ಲಿ ದುಡಿಯುವವರಿದ್ದಾರೆ, ಚಿಗರಿ ಬಸ್ ಹಿಡಿದು ಧಾರವಾಡದ ಸಪ್ತಾಪುರಕ್ಕೆ ಕೋಚಿಂಗಿಗೆ ಹೋಗಿಬರುವವರಿದ್ದಾರೆ. ಇಷ್ಟೆಲ್ಲ ಬೆವರು ಯಾವುದಕ್ಕಾಗಿ ಎಂದು ಕೇಳಿದಾಗ ಮಾತ್ರ ಮಾತು ತಡವರಿಸುತ್ತದೆ.

ಗಬ್ಬೂರಿನಿಂದ ಕುಂದಗೋಳ ದೂರವೇನಲ್ಲ. ಆ ಊರಿಗೆ ಒಬ್ಬ ಹುಡುಗ ಅರ್ಧ ದೇಶ ಸುತ್ತಿ ಬಂದು ಸೇರಿದ. ಗಾಯಕ ಅಬ್ದುಲ್ ಕರೀಂ ಖಾನರ ಗ್ರಾಮೋಫೋನ್ ತಟ್ಟೆ ಕೇಳಿ ಹುಚ್ಚು ಹಿಡಿದು, 1933ರಲ್ಲಿ, ಹನ್ನೊಂದರ ವಯಸ್ಸಿಗೆ ಮನೆ ಬಿಟ್ಟ ಭೀಮಸೇನ ಜೋಶಿ ಅವನು. ಕೈಯಲ್ಲಿ ಕಾಸಿಲ್ಲ, ರೈಲಿಗೆ ಟಿಕೀಟಿಲ್ಲ. ಗ್ವಾಲಿಯರ್, ಕಲ್ಕತ್ತಾ, ಕಡೆಗೆ ಪಂಜಾಬಿನ ಜಲಂಧರ. ಅಲ್ಲಿ ಭೇಟಿಯಾದ ಗಾಯಕ ವಿನಾಯಕರಾವ್ ಪಟವರ್ಧನರು, ನಿಮ್ಮ ಸೀಮೆಯಲ್ಲೇ, ಕುಂದಗೋಳದಲ್ಲಿ, ಸವಾಯಿ ಗಂಧರ್ವರಿದ್ದಾರಲ್ಲ, ಅಲ್ಲಿಗೆ ಹೋಗು ಎಂದರು. ಸವಾಯಿ ಗಂಧರ್ವರೆಂದರೆ ಅದೇ ಕರೀಂ ಖಾನರ ಶಿಷ್ಯರು. ಹುಡುಗ ಮರುಳಾದ ಆ ಗಾಯನದ ಬೇರು ಊರ ಪಕ್ಕದಲ್ಲೇ ಇತ್ತು.

ಈ ಕಥೆಯನ್ನು ಸಾಹಸದ ಕಥೆಯಾಗಿ ಹೇಳುವವರೇ ಹೆಚ್ಚು. ನಾನು ಇದರಲ್ಲಿ ಬೇರೊಂದನ್ನು ಕಾಣುತ್ತೇನೆ. ಹುಡುಗನಿಗೆ ದಾರಿ ಗೊತ್ತಿರಲಿಲ್ಲ, ಗುರು ಯಾರೆಂದು ಗೊತ್ತಿರಲಿಲ್ಲ. ತನಗೆ ಬೇಕಾದದ್ದೇನು ಎಂಬುದು ಮಾತ್ರ ನಿಚ್ಚಳವಾಗಿ ಗೊತ್ತಿತ್ತು. ಅದಕ್ಕೇ ಪರವೂರಿನ ಹಿರಿಯರೊಬ್ಬರು ಅವನಿಗೆ ಸರಿಯಾದ ಮನೆ ತೋರಿಸಲು ಸಾಧ್ಯವಾಯಿತು. 'ಯಾವದರ ಒಂದು' ಅನ್ನುವವರಿಗೆ ನೆರವಾಗಬೇಕೆಂದು ಮನಸ್ಸಿದ್ದವರೂ ಏನು ತಾನೇ ಹೇಳಿಯಾರು? ನಿಮ್ಮ ಗುರಿ ಬಾಯಿಬಿಟ್ಟು ಹೇಳುವಷ್ಟು ಸ್ಪಷ್ಟವಾದ ದಿನ ಮೇಷ್ಟ್ರು, ಸೋದರಮಾವ, ಓಣಿಯ ಹಿರಿಯರು, ಎಲ್ಲರೂ ಉಪಯೋಗಕ್ಕೆ ಬರುತ್ತಾರೆ.

ಕುಂದಗೋಳಕ್ಕೆ ಬಂದ ಮೇಲೂ ಭೀಮಸೇನರಿಗೆ ಹಾರತುರಾಯಿ ಕಾದಿರಲಿಲ್ಲ. ಗುರುವಿನ ಮನೆಗೆ ಕೊಡ ಹೊತ್ತು ನೀರು ತಂದರು. ವರ್ಷಗಟ್ಟಲೆ ಕಲಿತದ್ದು ಮುಖ್ಯವಾಗಿ ಮೂರು ರಾಗ: ತೋಡಿ, ಮುಲ್ತಾನಿ, ಪೂರಿಯಾ. 2008ರಲ್ಲಿ ಭಾರತರತ್ನ ಪಡೆದ ಕಂಠ ಆ ಮೂರರ ಮೇಲೆ ನಿಂತು ಬೆಳೆದದ್ದು.

ತಂಗಿಯರೇ, ಅದೇ ಗುರುವಿನ ಬಳಿಗೆ ನಮ್ಮ ಹುಬ್ಬಳ್ಳಿಯಿಂದ ರೈಲು ಹತ್ತಿ ಹೋಗುತ್ತಿದ್ದ ಗಂಗೂಬಾಯಿ ಹಾನಗಲ್ಲರನ್ನು ನೆನೆಯಿರಿ. ಶಾಲೆ ಕಲಿತದ್ದು ಐದನೆಯ ಇಯತ್ತೆವರೆಗೆ. ತಾಯಿ ಅಂಬಾಬಾಯಿ 1932ರಲ್ಲಿ ತೀರಿಕೊಂಡಾಗ ಇವರಿಗೆ ಹತ್ತೊಂಬತ್ತು. ಹೆಣ್ಣುಮಗಳು ಹಾಡುತ್ತಾಳೆಂದು 'ಗಾನೇವಾಲಿ' ಎಂದು ಹೀಯಾಳಿಸಿದವರಿದ್ದರು. ಗ್ರಾಮೋಫೋನ್ ತಟ್ಟೆಗಳು ಬಂದು ಹೆಸರಾದ ಮೇಲೂ, ಸಂಸಾರ ತೂಗಿಸುತ್ತ, ಮತ್ತೆ ಶಿಷ್ಯೆಯಾಗಿ ಗುರುವಿನೆದುರು ಕೂತರು. ಸವಾಯಿ ಗಂಧರ್ವರು ಒಂದು ಚಿಕ್ಕ ಸ್ವರಗುಚ್ಛ ಹೇಳಿಕೊಟ್ಟರೆ, ಅದು ಗಂಟಲಿಗೆ ಇಳಿಯುವ ತನಕ ಅದನ್ನೇ ಹಾಡಿಸುತ್ತಿದ್ದರು, ಮುಂದಿನದರ ಮಾತೇ ಇಲ್ಲ. ಹೊಸದೇನೂ ಸಿಗದ ದಿನಗಳಲ್ಲೂ ಗಂಗೂಬಾಯಿ ಪಾಠ ಬಿಡಲಿಲ್ಲ. 2002ರಲ್ಲಿ ಪದ್ಮವಿಭೂಷಣ ಬಂತು. 2006ರಲ್ಲಿ, ತೊಂಬತ್ಮೂರರ ವಯಸ್ಸಿನಲ್ಲಿ, ಇನ್ನೂ ವೇದಿಕೆಯ ಮೇಲೆ ಹಾಡಿದರು.

ಹುರುಪು ಬಂದ ಮೇಲೆ ಕೆಲಸ ಶುರುಮಾಡುತ್ತೇನೆ ಅನ್ನುವವರಿಗೆ ಈ ಇಬ್ಬರನ್ನು ತೋರಿಸಬೇಕು ಅನ್ನಿಸುತ್ತದೆ. ಮೊಬೈಲಿನಲ್ಲಿ ಭಾಷಣ ಕೇಳಿದಾಗ ಬರುವ ಹುರುಪು ಮರುದಿನ ಬೆಳಗಿನ ತನಕವೂ ಉಳಿಯುವುದಿಲ್ಲ. ನಿನ್ನೆ ಬಾರದಿದ್ದ ಲೆಕ್ಕ ಇಂದು ಬಂದಾಗ ಹುಟ್ಟುವ ಹುರುಪು ಬೇರೆ, ಅದು ನಿಮ್ಮದೇ ದುಡಿಮೆಯ ಗಳಿಕೆ.

ಗುರಿ ಸ್ಪಷ್ಟವಾಗಿರಬೇಕು ಅಂದರೆ ಎಷ್ಟು ಸ್ಪಷ್ಟ? 'ಪೊಲೀಸ್ ಆಗಬೇಕು' ಎಂಬುದು ಸಾಲದು. ಕಾನ್‌ಸ್ಟೇಬಲ್ ನೇಮಕಾತಿಯಲ್ಲಿ ಹುಡುಗರು 1600 ಮೀಟರನ್ನು 6 ನಿಮಿಷ 30 ಸೆಕೆಂಡಿನಲ್ಲಿ ಮುಗಿಸಬೇಕು, ಹುಡುಗಿಯರು 400 ಮೀಟರನ್ನು 2 ನಿಮಿಷದಲ್ಲಿ. ನಾಳೆ ಬೆಳಿಗ್ಗೆ ಮೈದಾನದಲ್ಲಿ ಒಮ್ಮೆ ಓಡಿ ವೇಳೆ ಬರೆದಿಡಿ. ಎಂಟು ನಿಮಿಷ ಹಿಡಿಯಿತೇ? ಹಾಗಾದರೆ ನಿಮಗೂ ಖಾಕಿಗೂ ನಡುವೆ ಸದ್ಯಕ್ಕಿರುವುದು ತೊಂಬತ್ತು ಸೆಕೆಂಡು. ಈ ತಿಂಗಳು ಅದರಲ್ಲಿ ಇಪ್ಪತ್ತನ್ನು ಕಡಿಮೆ ಮಾಡಿ. ಐಟಿಐ ಮುಗಿಸಿ ತಾರಿಹಾಳದ ಕಾರ್ಖಾನೆಯಲ್ಲಿ ಕೆಲಸ ಬೇಕೆಂಬವರು ಯಾವ ಯಂತ್ರ, ಅದನ್ನು ಯಾರ ಕೈಕೆಳಗೆ ಕಲಿಯಬೇಕು ಎಂಬಲ್ಲಿಯವರೆಗೆ ಇಳಿಯಬೇಕು. ನಾಳೆ ಬೆಳಿಗ್ಗೆ ಮಾಡುವ ಒಂದು ಕೆಲಸವಾಗಿ ಇಳಿಯದ ಗುರಿ ಬರೀ ಆಸೆ.

ಕೈಮೀರಿದ್ದೂ ಇದೆ, ಮುಚ್ಚಿಡುವುದಿಲ್ಲ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರಿನಲ್ಲಿ ಪರೀಕ್ಷೆ ನಡೆಯಿತು, ಅಕ್ರಮ ಬಯಲಾಗಿ 2022ರಲ್ಲಿ ರದ್ದಾಯಿತು, ಮರುಪರೀಕ್ಷೆ ಆದದ್ದು 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಓದಿದವರ ಎರಡು ವರ್ಷಕ್ಕೂ ಹೆಚ್ಚು ಕಾಲ ಹಾಗೇ ಹೋಯಿತು. ಇದು ಅನ್ಯಾಯ, ಸಂಘಟಿತರಾಗಿ ಕೇಳಲೇಬೇಕಾದ ಅನ್ಯಾಯ. ಆದರೂ ಒಂದೇ ಅಧಿಸೂಚನೆಗೆ ಇಡೀ ಹರೆಯವನ್ನು ಒತ್ತೆ ಇಡಬೇಡಿ. ಎಷ್ಟನೇ ವಯಸ್ಸಿನ ತನಕ ಈ ಪ್ರಯತ್ನ, ಆ ಹೊತ್ತಿಗೆ ಕೈಯಲ್ಲಿ ಇನ್ನಾವ ಕಸುಬು ಇರಬೇಕು ಎಂಬುದನ್ನೂ ಈಗಲೇ ಗೊತ್ತುಮಾಡಿಕೊಳ್ಳಿ. ಹೀಗೆ ಗೊತ್ತುಮಾಡಿಕೊಂಡವರಿಗೆ ಓದುವಾಗ ಎದೆ ನಡುಗುವುದಿಲ್ಲ.

ಗಬ್ಬೂರಿನ ತಮ್ಮಂದಿರೇ, ತಂಗಿಯರೇ, ಇಂದು ರಾತ್ರಿ ಉಂಡಾದ ಮೇಲೆ ಒಂದು ಹಾಳೆ ತೆಗೆಯಿರಿ. ಏನಾಗಬೇಕು, ಯಾವಾಗಿನೊಳಗೆ, ನಾಳೆ ಬೆಳಿಗ್ಗೆ ಮೊದಲ ಕೆಲಸ ಯಾವುದು, ಈ ಮೂರನ್ನು ಬರೆಯಿರಿ. ಬರೆದದ್ದನ್ನು ಅವ್ವ-ಅಪ್ಪನೆದುರು ಗಟ್ಟಿಯಾಗಿ ಓದಿ. ಆಮೇಲೆ ಗಡಿಯಾರಕ್ಕೆ ಐದು ಗಂಟೆಯ ಅಲಾರಾಂ ಇಟ್ಟು ಮಲಗಿ.