ಸೋರುವ ಕಿವಿ

ಮಗುವಿನ ಕಿವಿ ಸೋರತೊಡಗಿದರೆ, ‘ತಾನಾಗಿಯೇ ನಿಲ್ಲುತ್ತದೆ’ ಎಂದು ಮನೆಯ ಹಿರಿಯರು ಸಮಾಧಾನ ಹೇಳುವುದುಂಟು. ನಿಲ್ಲದಿದ್ದರೆ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಇದ್ದೇ ಇದೆ! ಈ ಎಣ್ಣೆಯ ಮೇಲೆ ನನಗೆ ಬಹಳ ಕೋಪ.

ಮೂಗಿನ ಹಿಂಬದಿಯಿಂದ ನಡುಗಿವಿಗೆ ಒಂದು ಸಣ್ಣ ನಾಳವಿದೆ. ಮಕ್ಕಳಲ್ಲಿ ಅದು ಗಿಡ್ಡ. ಹೆಚ್ಚು ಅಡ್ಡಲಾಗಿಯೂ ಇರುತ್ತದೆ. ಆದಕಾರಣ ನೆಗಡಿಯ ಸೋಂಕು ಸುಲಭವಾಗಿ ಒಳಸೇರುತ್ತದೆ. ಕೀವು ತುಂಬಿ ಕಿವಿಯ ತಮಟೆ ತೂತಾಗುತ್ತದೆ. ಆ ತೂತಿನೊಳಕ್ಕೆ ಎಣ್ಣೆ ಹೊಯ್ಯುವುದು ಹಸಿಗಾಯಕ್ಕೆ ಕೊಳೆ ಬಳಿದಂತೆ. ಶುದ್ಧವಾದ ಬಟ್ಟೆಯ ಬತ್ತಿಯಿಂದ ಕೀವನ್ನು ಹೀರಿ ತೆಗೆದು, ತಡಮಾಡದೆ ವೈದ್ಯರಿಗೆ ತೋರಿಸತಕ್ಕದ್ದು. ಎರಡು ವಾರ ಮೀರಿ ಸೋರಿದರಂತೂ ರೋಗ ಬೇರೂರಿತೆಂದೇ ತಿಳಿಯಬೇಕು.

ಹಿಂದುಳಿದ ದೇಶಗಳ ಮಕ್ಕಳ ಕಿವುಡಿನಲ್ಲಿ ನೂರಕ್ಕೆ 75 ಪಾಲು ತಡೆಯಬಹುದಾದುದೆಂದು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಅಂದಾಜು ಮಾಡಿತು. ಸಿರಿವಂತ ದೇಶಗಳಲ್ಲಿ ಅದು 49.

ಅರೆಗಿವುಡಾದ ಮಗು ಹಿಂದಿನ ಬೆಂಚಿನಲ್ಲಿ ಕುಳಿತು, ಪ್ರಶ್ನೆಯನ್ನು ಅರ್ಧ ಕೇಳಿ, ದಡ್ಡನೆನ್ನಿಸಿಕೊಳ್ಳುತ್ತದೆ. ನಾವು ಉಪಾಧ್ಯಾಯರು ಕಿವಿ ಹಿಂಡುತ್ತೇವೆಯೇ ಹೊರತು ಅದರೊಳಗೇನಿದೆಯೆಂದು ವಿಚಾರಿಸುವುದಿಲ್ಲ. 1965ರಲ್ಲಿ ಸ್ಥಾಪಿತವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಎಳೆಗೂಸುಗಳ ಶ್ರವಣವನ್ನು ಕೂಡ ಪರೀಕ್ಷಿಸುತ್ತಾರೆ. ತರಗತಿಯಲ್ಲಿ ಅಂತಹ ಮಗುವಿದ್ದರೆ, ಶಿಕ್ಷೆಗೆ ಮುನ್ನ ಆ ಪರೀಕ್ಷೆ ನಡೆಯಲಿ.